ಸಾಲಿನಲ್ಲಿ ಮೊದಲನೆಯವನು

"ಮಹಡಿ ಮನೆ ಬಾಡಿಗೆಗೆ ಮೊದಲು ಬಂದವರಿಗೇ! ನೆಂಟಸ್ತಿಕೆ ಗಿಂಟಸ್ತಿಕೆ ನಡೆಯಲ್ಲ," ಎನ್ನುತ್ತಾ ಮಾಲೀಕರು ಬಾಗಿಲು ತೆಗೆದರೆ, ಹದಿನೇಳು ಜನರ ಸಾಲಿನಲ್ಲಿ ಮೊದಲು ನಿಂತಿದ್ದವನು ಅವರ ಸ್ವಂತ ಅಳಿಯ. ತವರಿನ ಮಹಡಿಯೇ ಬೇಕೆಂದು ಹೆಂಡತಿ ನಸುಕಿನಲ್ಲೇ ತಳ್ಳಿಕೊಂಡು ಬಂದು ನಿಲ್ಲಿಸಿ, ತಾನು ಗೇಟಿನ ಬಳಿ ಕಾದಿದ್ದಳು. ಅವನಿಗೋ, ಸೀನಿದರೂ ಬುದ್ಧಿ ಹೇಳುವ ಮಾವನ ಮನೆಗಿಂತ ಬಸ್ ನಿಲ್ದಾಣವೇ ವಾಸಿ ಅನ್ನಿಸಿತ್ತು.

ಮಾವ ಬೀಗದ ಕೈ ಚಾಚಿದರು. ಅಳಿಯ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ.

"ಬೇಡಿ ಮಾವ. ಅಳಿಯನಿಗೇ ಕೊಟ್ರು ಅಂತ ಜನ ಆಡ್ಕೊಂಡ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ಎರಡನೆಯವರು ಇವರೇ, ಇವರಿಗೆ ಕೊಟ್ಬಿಡಿ," ಎಂದು ಹಿಂದಿದ್ದ ಬ್ಯಾಂಡ್ ಮಾಸ್ತರನ್ನು ಮುಂದೆ ತಳ್ಳಿದ.

ಮಾವನ ಕಣ್ಣು ತುಂಬಿ ಬಂತು. ಬೀಗದ ಕೈಯನ್ನು ಮಾಸ್ತರಿಗೆ ಕೊಟ್ಟು ಅಳಿಯನನ್ನು ಬಾಚಿ ತಬ್ಬಿಕೊಂಡರು.

"ಇಂಥ ಅಪ್ಪಟ ಬಂಗಾರ ಬಾಡಿಗೆ ಮನೇಲಿ ಇರೋದಾ? ಮಗಳೇ, ಸಾಮಾನು ತಗೊಂಡು ಬಾರಮ್ಮ. ಇನ್ಮೇಲೆ ನೀವಿಬ್ರೂ ಕೆಳಗೆ, ನಮ್ಮ ಜೊತೇಲೇ!"