ಗೋಲ್ಡನ್ನೋ, ಲಾಸಾನೋ

"ಗೊರಕೆ ಹೊಡೀತೀರಾ?"

ಗುರು ಕುರ್ಚಿಯಲ್ಲೇ ಸ್ವಲ್ಪ ಅಲುಗಾಡಿದ. ನಾಯಿ ಕೊಡುವ ಮುಂಚೆ ಇದನ್ನೂ ಕೇಳುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಎದುರಿಗೆ ಮನೆಯ ಯಜಮಾನ ಮೂರ್ತಪ್ಪ, ಪಕ್ಕದಲ್ಲಿ ಅವರ ಹೆಂಡತಿ ಪದ್ಮಮ್ಮ, ಕೆಳಗೆ ಚಾಪೆಯ ಮೇಲೆ ಬಾಚಣಿಗೆ ಹಿಡಿದು ಕೂತ, ಮೂವತ್ತೈದು ದಾಟಿದ ಮಗಳು ಸಂಧ್ಯಾ. ಅವಳ ಎಡಕ್ಕೆ ಕರುವಿನಷ್ಟು ದೊಡ್ಡ ಗೋಲ್ಡನ್ ರಿಟ್ರೀವರ್, ಬಲಕ್ಕೆ ಕಣ್ಣೇ ಕಾಣದಷ್ಟು ಕೂದಲು ಬಿಟ್ಟ ಪುಟ್ಟ ಲಾಸಾ ನಾಯಿ. ಗೊರಕೆಯ ಪ್ರಶ್ನೆ ಸಂಧ್ಯಾಳದು.

"ಹೊಡೀತೀನಿ," ಎಂದ ಗುರು. "ಪಕ್ಕದ ಮನೆಯವರು ಒಂದ್ಸಲ ಬಾಗಿಲು ಬಡಿದು, ಇಷ್ಟೊತ್ತಲ್ಲಿ ಮಿಕ್ಸಿ ಯಾಕೆ ಹಾಕಿದೀರಿ ಅಂತ ಕೇಳಿದ್ರು."

ಅವನಿಗೆ ನಾಯಿ ಬೇಕೇ ಬೇಕಿತ್ತು. ಶಿವಮೊಗ್ಗದ ನವುಲೆಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ, ಅದರ ಹಿಂದೆಯೇ ಮನೆ, ವಯಸ್ಸು ನಲವತ್ತೊಂದು. ಸಂಜೆ ಬೀಗ ತೆಗೆದರೆ ಒಳಗೆ ತನಗಾಗಿ ಕಾಯುವ ಒಂದು ಜೀವವಿಲ್ಲ. ಫ್ರಿಜ್ ಗುರ್ ಎಂದರೆ "ಹೂಂ, ಹೇಳು" ಎನ್ನುವ ಹಂತಕ್ಕೆ ಬಂದಿದ್ದ. ಬೇರೆ ಏನೇನೋ ಹೇಳಿ ಸೋತಿದ್ದ ಅಕ್ಕ ಪುಷ್ಪ ಕೊನೆಗೆ ನಾಯಿಯನ್ನಾದರೂ ತಂದುಕೋ ಎಂದಿದ್ದಳು.

ಭದ್ರಾವತಿಯ ಈ ವಿಳಾಸ ಕೊಟ್ಟವಳೂ ಅವಳೇ. ಒಳ್ಳೆಯ ಮನೆ ಸಿಕ್ಕರೆ ಎರಡರಲ್ಲಿ ಒಂದನ್ನು ಕೊಡುತ್ತಾರಂತೆ, ತುಂಬ ವಿಚಾರಿಸುತ್ತಾರಂತೆ, ಸುಳ್ಳು ಹೇಳಿದರೆ ಬಾಗಿಲು ತೋರಿಸುತ್ತಾರಂತೆ. ಗುರು ಮೂರು ವಾರ ಮೊಬೈಲಿನಲ್ಲಿ ಓದಿ ತಯಾರಾಗಿದ್ದ. ಗೋಲ್ಡನ್‌ಗೆ ಓಡಾಟ ಜಾಸ್ತಿ ಬೇಕು. ಇವನು ಹಾಲಿನ ಪ್ಯಾಕೆಟ್ ತರಲೂ ಸ್ಕೂಟರ್ ಹತ್ತುವ ಆಸಾಮಿ. ಲಾಸಾಗೆ ದಿನಾ ಕೂದಲು ಬಾಚಬೇಕು. ಇವನೋ ತನ್ನ ತಲೆಯಲ್ಲಿ ಉಳಿದ ನಾಲ್ಕು ಕೂದಲನ್ನೇ ಬಾಚುವವನಲ್ಲ.

ಪ್ರಶ್ನೆಗಳು ಮುಗಿಯಲೇ ಇಲ್ಲ. ಮನೆ ಸ್ವಂತದ್ದಾ, ಕುಡಿಯುವ ಅಭ್ಯಾಸ ಇದೆಯಾ, ಅಡುಗೆ ಯಾರು ಮಾಡುವುದು, ಸಿಟ್ಟು ಬಂದರೆ ಏನು ಮಾಡುತ್ತೀರಿ. ಗುರು ಯಾವುದಕ್ಕೂ ಬಣ್ಣ ಹಚ್ಚಲಿಲ್ಲ. ಅಡುಗೆ ತನ್ನದೇ, ಅನ್ನ ಒಮ್ಮೊಮ್ಮೆ ಗಂಜಿಯಾಗುತ್ತದೆ ಎಂದ. ಸಿಟ್ಟು ಬಂದರೆ ಮಾತು ಬಿಡುತ್ತೇನೆ, ಆದರೆ ಮನೆಯಲ್ಲಿ ಯಾರೂ ಇಲ್ಲದ್ದರಿಂದ ಅದು ಯಾರಿಗೂ ಗೊತ್ತಾಗುವುದಿಲ್ಲ ಎಂದ. ಪದ್ಮಮ್ಮ ಸೆರಗನ್ನು ಬಾಯಿಗೆ ಒತ್ತಿ ನಕ್ಕರು. ಮೂರ್ತಪ್ಪ ನಗಲಿಲ್ಲ.

"ನೋಡಿ, ಮುದ್ದಾಗಿ ಸಾಕಿದೀವಿ. ಕೊಟ್ಟ ಮೇಲೆ ಅಲ್ಲಿ ಒಂಟಿಯಾಗಿ ಮೂಲೇಲಿ ಕೂರೋ ಹಾಗಾಗಬಾರದು."

ಒಂಟಿಯಾಗಿ ಕೂರುವುದು ಹೇಗಿರುತ್ತದೆಂದು ತನಗೆ ಚೆನ್ನಾಗಿ ಗೊತ್ತು, ಇನ್ನೊಂದು ಜೀವಕ್ಕೆ ಆ ಗತಿ ತರುವುದಿಲ್ಲ ಎಂದ ಗುರು.

ಸಂಧ್ಯಾ ಬಾಚಣಿಗೆ ಕೆಳಗಿಟ್ಟಳು. "ಹಾಗಾದ್ರೆ ಯಾವುದು ಬೇಕು ಹೇಳಿ."

ಅಷ್ಟರಲ್ಲಿ ಲಾಸಾ ಎದ್ದು ಹೋಗಿ ಗೋಲ್ಡನ್‌ನ ಹೊಟ್ಟೆಯ ಮೇಲೆ ತಲೆಯಿಟ್ಟು ಮಲಗಿತು. ದೊಡ್ಡದು ಅದರ ಕಿವಿ ನೆಕ್ಕಿತು. ಗುರು ನೋಡುತ್ತಲೇ ಕೂತ. ಮೂರು ವಾರದ ಓದು ಒಂದೂ ನೆನಪಿಗೆ ಬರಲಿಲ್ಲ.

"ಇವನ್ನ ಬೇರೆ ಮಾಡೋಕೆ ನನಗೆ ಮನಸ್ಸು ಬರ್ತಿಲ್ಲ. ಬೇಡ ಬಿಡಿ," ಎಂದು ಕೈಮುಗಿದು ಎದ್ದುಬಿಟ್ಟ.

ಶಿವಮೊಗ್ಗದ ಬಸ್ಸಿನಲ್ಲಿ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ. ಒಂದು ನಾಯಿ ಗಿಟ್ಟಿಸಿಕೊಳ್ಳಲೂ ಯೋಗ್ಯತೆಯಿಲ್ಲದ ದಂಡಪಿಂಡ! ಅಕ್ಕನ ಫೋನ್ ಬಂದಾಗ, ಗೊರಕೆಯಿಂದ ಹಿಡಿದು ಎಲ್ಲ ಒದರಿಬಿಟ್ಟೆ, ಕೊನೆಗೆ ಬರಿಗೈಯಲ್ಲಿ ಬಂದೆ ಎಂದು ಒಪ್ಪಿಕೊಂಡ.

ಆ ಮನೆಯವರು ಈಗಷ್ಟೇ ತನಗೆ ಫೋನ್ ಮಾಡಿದ್ದರು ಎಂದಳು ಪುಷ್ಪ. ಇಷ್ಟು ದಿನ ಬಂದವರೆಲ್ಲ ತಮ್ಮನ್ನು ತಾವೇ ಹೊಗಳಿಕೊಂಡು ಹೋಗಿದ್ದರಂತೆ. ತನ್ನ ಹುಳುಕನ್ನು ತಾನೇ ಹೇಳಿಕೊಂಡವನು ಇವನೊಬ್ಬನೇ ಅಂತೆ.

ಗುರು ನೆಟ್ಟಗೆ ಕೂತ. "ಹಂಗಾದ್ರೆ ಒಂದು ಕೊಡ್ತಾರಾ?"

"ಎರಡೂ ಬರ್ತವೆ ಮಾರಾಯ. ಹೆಣ್ಣು ನೋಡೋಕೆ ಅಂದ್ರೆ ನೀನು ಹೋಗ್ತಿರಲಿಲ್ಲ, ಅದಕ್ಕೇ ನಾಯಿ ಅಂದೆ. ಸಂಧ್ಯಾ ನಿನ್ನನ್ನ ಒಪ್ಪಿದಾಳೆ."