ಮಾ ಮೇರ್

"ಮೋ ಪೇರ್ ಎ ಶೋಫರ್. ನನ್ನ ಅಪ್ಪ ಡ್ರೈವರ್," ಎಂದು ಹುಡುಗಿ ಸ್ಟೂಲಿನ ಮೇಲೆ ನಿಂತು ಫ್ರೆಂಚ್ ಪಾಠ ಒಪ್ಪಿಸುತ್ತಿದ್ದಳು. ಮನೆಮಂದಿಯ ಬಗ್ಗೆ ನಾಲ್ಕು ಮಾತು ಹೇಳುವ ಪರೀಕ್ಷೆ ನಾಳೆ. ನೆಲದ ಮೇಲೆ ಕುಳಿತಿದ್ದ ದರ್ಜಿ ಅವಳ ಸ್ಕರ್ಟಿನ ಅಂಚು ಮಡಚಿ ಗುಂಡುಪಿನ್ನು ಚುಚ್ಚುತ್ತಿದ್ದಳು. ಈ ಮನೆಗೆ ಎರಡನೆಯ ಹೆಂಡತಿಯಾಗಿ ಬಂದು ಮೂರು ವರ್ಷವಾದರೂ ಹುಡುಗಿಯ ಬಾಯಲ್ಲಿ ಅವಳಿನ್ನೂ ಆಂಟಿಯೇ.

"ಮಾ ಮೇರ್ ಎ ಕುತ್ಯುರಿಯೇರ್."

ಮೇರ್ ಅಂದರೆ ತಾಯಿ ಎಂಬುದು ದಿನವೂ ಕೇಳಿ ಕೇಳಿ ದರ್ಜಿಗೂ ಗೊತ್ತಾಗಿತ್ತು. ಹುಡುಗಿಯ ತೀರಿಕೊಂಡ ಹೆತ್ತಮ್ಮನ ನೆನಪಾಗಿ ಅವಳ ಕೈ ನಿಧಾನವಾಯಿತು. "ನಿಮ್ಮಮ್ಮ ಟೀಚರ್ ಆಗಿದ್ರು ಅಂತ ತಾನೆ?"

"ಅಲ್ಲ. ಕುತ್ಯುರಿಯೇರ್ ಅಂದ್ರೆ ಬಟ್ಟೆ ಹೊಲಿಯೋರು." ಹುಡುಗಿ ಗೋಡೆಯನ್ನೇ ನೋಡುತ್ತಿದ್ದಳು. "ಮಲತಾಯಿಗೆ ಬೇರೆ ಪದ ಇದೆ. ಮೇಡಂ ಹೇಳ್ಕೊಟ್ರು. ನಂಗ್ಯಾಕೋ ಅದು ಬೇಡ ಅನ್ನಿಸ್ತು."

ದರ್ಜಿ ತಲೆ ಎತ್ತಲಿಲ್ಲ. ಕಣ್ಣು ಮಂಜಾಗಿ ಅವಳಿಗೆ ಸ್ಕರ್ಟಿನ ಅಂಚೇ ಕಾಣುತ್ತಿರಲಿಲ್ಲ.

"ಸರಿಯಾಗಿ ಕೇಳಿಸ್ಲಿಲ್ಲ ಕಂದ," ಎಂದಳು. "ಇನ್ನೊಂದ್ಸಲ ಒಪ್ಪಿಸು."