ಇಳಿಯದ ಅಳಿಯ

ಮಾವನ ಮನೆ ಮುಂದೆ ಸೈಕಲ್ಲಿನಿಂದ ಇಳಿಯಬೇಕಾಗಿದ್ದ ಕೋದಂಡರಾಮಪ್ಪ ಇಳಿಯಲಿಲ್ಲ. ಕಾಲಿಗೆ ನೀರು ಕೊಡಲು ಚೊಂಬು ಹಿಡಿದು ನಿಂತಿದ್ದ ಹೆಂಡತಿ ಆದಿಲಕ್ಷ್ಮಿಯನ್ನೂ, ಪಕ್ಕದಲ್ಲಿ ಹೊಸ ಪಂಚೆಯುಟ್ಟು ನಿಂತಿದ್ದ ಮಾವ ಕದಿರಪ್ಪನನ್ನೂ ದಾಟಿಕೊಂಡು, ಬೆಲ್ಲು ಬಾರಿಸುತ್ತಾ ಮುಂದಕ್ಕೆ ಹೋಗಿಯೇಬಿಟ್ಟ.

"ಎಲ್ಲಿಗೆ ಅಳಿಯಂದ್ರೇ?"

"ಇಲ್ಲೇ... ಬಂದೇಬುಟ್ಟೆ ಮಾವ!"

ಇಳಿಯುವುದು ಅವನಿಗೆ ಬರುತ್ತಿರಲಿಲ್ಲ, ಅಷ್ಟೇ. ತುಳಿಯಲು ಬಾರದಿದ್ದರೂ ಮದುವೆಯಲ್ಲಿ ಸೈಕಲ್ಲೇ ಬೇಕೆಂದು ಹಟ ಹಿಡಿದು ಗಿಟ್ಟಿಸಿಕೊಂಡ ಭೂಪ ಅವನು. ಆಮೇಲೆ ತನ್ನೂರು ರಾಯಲ್ಪಾಡಿನ ಕೆರೆಯಂಗಳದಲ್ಲಿ ಬಿದ್ದು ಎದ್ದು, ಮಂಡಿಯೆಲ್ಲ ತರಚಿಕೊಂಡು, ಹತ್ತುವುದನ್ನೂ ತುಳಿಯುವುದನ್ನೂ ಕಲಿತ. ಬ್ರೇಕು ಹಿಡಿದರೆ ಸೈಕಲ್ಲು ನಿಲ್ಲುತ್ತಿತ್ತು, ಇವನು ನಿಲ್ಲುತ್ತಿರಲಿಲ್ಲ. ಹಾಗಾಗಿ ಇಳಿಯಬೇಕಾದಾಗ ಅಲ್ಲಿದ್ದ ಹುಣಸೆಮರದ ಹತ್ತಿರ ಹೋಗಿ ಅದನ್ನೇ ತಬ್ಬಿಕೊಳ್ಳುತ್ತಿದ್ದ. ಮಾವನ ಬೀದಿಯಲ್ಲಿ ಒಂದು ಮರವೂ ಇಲ್ಲವೆನ್ನುವುದು ಬೀದಿಗೆ ಬಂದ ಮೇಲೆಯೇ ಹೊಳೆದದ್ದು. ಊರೆಲ್ಲ ನೋಡುತ್ತಿರುವಾಗ "ಯಾರಾದ್ರೂ ಹಿಡ್ಕೊಳ್ರಪ್ಪಾ" ಎನ್ನುವುದಕ್ಕಿಂತ ಸಾಯುವುದೇ ವಾಸಿ ಎನಿಸಿತು ಅವನಿಗೆ.

ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿ ಅದು. ಆ ಕಡೆಯಲ್ಲಿ ಮೊದಲ ಹಬ್ಬಕ್ಕೆ ಬಂದ ಅಳಿಯ ಒಳಗೆ ಕಾಲಿಡದೆ ಮುನಿಸಿಕೊಂಡರೆ, ಏನಾದರೂ ಕೊಟ್ಟು ಸಮಾಧಾನ ಮಾಡಿ ಕರೆದುಕೊಳ್ಳಬೇಕು. ಕೋದಂಡ ಬೀದಿ ಕೊನೆಯ ಗುಡಿ ಸುತ್ತಿಕೊಂಡು ಬಂದು ಮತ್ತೆ ಇಳಿಯದೆ ಹೋದಾಗ, ಬೀದಿಯಲ್ಲಿ ಹುರುಳಿ ಸೊಪ್ಪೆ ಹರಡುತ್ತಿದ್ದ ಪಕ್ಕದ ಮನೆಯ ಬೈರಮ್ಮ ಗಲ್ಲದ ಮೇಲೆ ಕೈಯಿಟ್ಟುಕೊಂಡು ತೆಲುಗು ಬೆರೆಸಿ ಕೂಗಿದಳು.

"ಅಯ್ಯೋ ಕದಿರಪ್ಪಾ, ಅಲ್ಲುಡು ಅಲಿಗಿನಾಡು ಕಣಪ್ಪೋ! ಅಳಿಯ ಸೈಕಲ್ ಸಾಲ್ದು ಅಂತ ಮುನಿಸ್ಕೊಂಡವ್ನೆ!"

ಕದಿರಪ್ಪನ ಮುಖ ಸಣ್ಣಗಾಯಿತು. ಹಿಂದಿನ ಬೇಸಿಗೆಯ ಮಾವಿನ ಫಸಲಿನ ದುಡ್ಡಿನಲ್ಲಿ ಆಸೆಪಟ್ಟು ಒಂದು ವಾಚು ಕೊಂಡಿದ್ದ. ಮಲಗುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ. ಅಳಿಯ ಮತ್ತೆ ಬಂದದ್ದೇ ಕೈ ಎತ್ತಿ ತೋರಿಸಿ ಕೂಗಿದ. "ಇಳೀರಿ ಅಳಿಯಂದ್ರೇ! ಈ ವಾಚು ನಿಮ್ಗೇ!"

ಅಳಿಯ ಇಳಿಯಲಿಲ್ಲ. ಹಲ್ಲು ಕಚ್ಚಿಕೊಂಡು ಮತ್ತೆ ಗುಡಿಯ ಕಡೆ ಹೋದ.

"ಕರೀ ಕಡಸೂ ಹೊಡ್ಕೊಂಡೋಗ್ರಪ್ಪಾ!" ಕದಿರಪ್ಪ ಹಿಂದಿನಿಂದ ಕೂಗಿದ.

ಆ ಕಡಸನ್ನು ಕರುವಾಗಿದ್ದಾಗಿನಿಂದ ಸಾಕಿದವಳು ಆದಿಲಕ್ಷ್ಮಿ. ಗಂಡನ ಹುಣಸೆಮರದ ಕಥೆಯನ್ನು ಕಣ್ಣಾರೆ ಕಂಡವಳೂ ಅವಳೇ. ಚೊಂಬನ್ನು ಕೆಳಗಿಟ್ಟು, ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದಳು. ಸೈಕಲ್ಲು ಹತ್ತಿರ ಬಂದದ್ದೇ ತಡ, ಕ್ಯಾರಿಯರು ಹಿಡಿದು ಜಗ್ಗಿದಳು. ಕೋದಂಡ ಸೈಕಲ್ ಸಮೇತ ಬೈರಮ್ಮನ ಹುರುಳಿ ಸೊಪ್ಪೆಯ ಮೇಲೆ ಉರುಳಿದ.

"ಇಳಿಯಾಕ್ ಬರಲ್ಲ ಅಂತ ಹೇಳ್ಬುಡಿ," ಎಂದಳು ಎಬ್ಬಿಸುವ ನೆಪದಲ್ಲಿ ಬಗ್ಗಿ. "ಆ ವಾಚ್ ಮ್ಯಾಲೆ ನಮ್ಮಪ್ಪ ಪ್ರಾಣಾನೇ ಇಟ್ಕೊಂಡವ್ರೆ."

ಕೋದಂಡ ಸುತ್ತ ನೋಡಿದ. ಬೀದಿಗೆ ಬೀದಿಯೇ ಅವನನ್ನು ನೋಡುತ್ತಿತ್ತು. ತಲೆಗೆ ಮೆತ್ತಿದ್ದ ಹುರುಳಿ ಕಾಯನ್ನು ಕೊಡವಿಕೊಂಡು, ಗತ್ತಿನಿಂದ ಎದ್ದು ನಿಂತ.

"ಕಡಸು ಬ್ಯಾಡ ಮಾವ. ವಾಚು ಸಾಕು."

ಸದ್ಯ, ಬದುಕಿದೆ ಎಂದುಕೊಂಡ ಕದಿರಪ್ಪ ವಾಚು ಬಿಚ್ಚಿ ಅಳಿಯನ ಕೈಗೆ ತಾನೇ ಕಟ್ಟಿದ. ಅವನ ಮಣಿಕಟ್ಟಿನಲ್ಲಿ ಬಿಳಿಯ ಪಟ್ಟಿಯೊಂದು ಉಳಿಯಿತು. ಆದಿಲಕ್ಷ್ಮಿ ಚೊಂಬು ಎತ್ತಿಕೊಂಡು ಬಂದಳು. ನೀರು ಮಾತ್ರ ಕೊಡಲಿಲ್ಲ.

"ಟೈಮೆಷ್ಟಾಯ್ತು, ನೋಡಿ ಹೇಳಿ," ಎಂದಳು, ಎಲ್ಲರಿಗೂ ಕೇಳಿಸುವ ಹಾಗೆ.

ಕೋದಂಡ ವಾಚನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿದ. ಆಮೇಲೆ ರಸ್ತೆಯ ಕಡೆ ಕತ್ತೆತ್ತಿ, ಮೆಲ್ಲಗೆ ಕೇಳಿದ:

"ಹತ್ತು ಗಂಟೆ ಬಸ್ಸು ಹೋಯ್ತಾ, ಮಾವ?"